‘ಈಜು ಬಾರದವರೂ ಬರಬಹುದು’ ಅಂದ್ರೆ ಏನರ್ಥ? ಸೀತಾನದಿ ರಾಫ್ಟಿಂಗ್‌ಗೆ ಮೊದಲ ಸಲ ಹೊರಟವರಿಗೆ

ಮೊನ್ನೆ ಅಕ್ಕನ ಮಗಳು ಮಣಿಪಾಲದ ಹಾಸ್ಟೆಲ್‌ನಿಂದ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಕಳಿಸಿದಳು. ಹೆಬ್ರಿ ಹತ್ತಿರ ಸೀತಾನದಿಯಲ್ಲಿ ರಾಫ್ಟಿಂಗ್, ಮೊದಲ ಸಲ ಬರುವವರಿಗೂ ಸುಲಭ, ಈಜು ಬಾರದವರೂ ಬರಬಹುದು, ಗೈಡ್ ಜೊತೆಗಿರುತ್ತಾರೆ. ಕೆಳಗೆ ಒಂದೇ ಸಾಲು: “ಮಾವ, ಹೋಗ್ಬಹುದಾ?” ಅವಳಿಗೆ ಈಜು ಬರಲ್ಲ. ಕಾಪುವಿನಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಬೆಳೆದ ಹುಡುಗಿಗೆ ಈಜು ಬರಲ್ಲ ಅಂದ್ರೆ ಹೊರಗಿನವರಿಗೆ ಆಶ್ಚರ್ಯ ಆಗಬಹುದು, ನಮ್ಮೂರಿನವರಿಗೆ ಆಗಲ್ಲ. ನಮ್ಮಲ್ಲಿ ನೀರಿನ ಹತ್ತಿರ ಇರುವವರಿಗೇ ನೀರಿನ ಭಯ ಜಾಸ್ತಿ. ಅಕ್ಕನ ಉತ್ತರ ಹತ್ತು ನಿಮಿಷದಲ್ಲಿ ಫ್ಯಾಮಿಲಿ ಗ್ರೂಪ್‌ಗೇ ಬಂತು: “ಆಟಿ ತಿಂಗಳಲ್ಲಿ ಹೊಳೆಗೆ ಇಳಿಯುವ ಮಂಡೆ ಯಾರದ್ದು?”

ಇಬ್ಬರ ಪ್ರಶ್ನೆಯೂ ಸರಿಯಾಗಿಯೇ ಇದೆ. ಹಾಗಾಗಿ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಹೊಳೆಯ ಸ್ವಭಾವ. ಉತ್ತರಾಖಂಡದ ಋಷಿಕೇಶದಲ್ಲಿ ಮಳೆಗಾಲ ಬಂತೆಂದರೆ ಗಂಗೆಯ ರಾಫ್ಟಿಂಗ್ ನಿಲ್ಲುತ್ತದೆ. ನೀರು ಇಳಿದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಶುರು. ಕರಾವಳಿಯಲ್ಲಿ ಇದು ತಿರುಗಾಮುರುಗಾ. ಸೀತಾನದಿ ಮಳೆ ಹಿಡಿದ ಮೇಲೆಯೇ ರಾಫ್ಟ್ ಹೊರುವಷ್ಟು ತುಂಬುವುದು. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಪ್ಯಾಂಟ್ ಮಡಚಿ ದಾಟಬಹುದು. ಅಂದರೆ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು ದಡ ಸೇರಿರುವ, ಮಲ್ಪೆ ಬೀಚಿನಲ್ಲಿ ನೀರಿಗಿಳಿಯಬೇಡಿ ಎಂದು ಬಲೆ ಕಟ್ಟಿರುವ ಕಾಲದಲ್ಲೇ, ಐವತ್ತು ಕಿಲೋಮೀಟರ್ ಆಚೆ ಹೊಳೆಗೆ ರಾಫ್ಟ್ ಇಳಿಯುತ್ತದೆ. ಕೇಳಲಿಕ್ಕೆ ಹುಚ್ಚುತನ ಅನ್ನಿಸುತ್ತೆ. ಆದರೆ ಸಣ್ಣ ಹೊಳೆಗೆ ಬೇರೆ ಕಾಲವೇ ಇಲ್ಲ.

ಇದೇ ರಾಜ್ಯದ ಇನ್ನೊಂದು ಮಾದರಿ ದಾಂಡೇಲಿ ಕಡೆಯದು. ಗಣೇಶಗುಡಿಯ ಹತ್ತಿರ ಕಾಳಿ ನದಿಯ ನೀರು ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರು. ವಿದ್ಯುತ್ ಉತ್ಪಾದನೆಗೆ ಎಷ್ಟು ಬಿಡುತ್ತಾರೋ ಅಷ್ಟು. ಅಲ್ಲಿ ನಲ್ಲಿಯ ತಿರುಪು ಮನುಷ್ಯರ ಕೈಯಲ್ಲಿದೆ. ಸೀತಾನದಿಯ ತಿರುಪು ಆಗುಂಬೆಯ ಮೋಡದ ಕೈಯಲ್ಲಿದೆ. ಮೊದಲ ಸಲ ಹೋಗುವವರು ಈ ಒಂದು ವ್ಯತ್ಯಾಸ ಅರ್ಥ ಮಾಡಿಕೊಂಡರೆ ಅರ್ಧ ಪಾಠ ಮುಗಿದಂತೆ.

ಆಗುಂಬೆಯ ಲೆಕ್ಕ ಎಲ್ಲರಿಗೂ ಗೊತ್ತು: ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿ.ಮೀ. ಬಿದ್ದ ದಾಖಲೆ ಇದೆ. ಆ ಊರು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಾಟಿಯ ತಿರುವುಗಳನ್ನು ಇಳಿದರೆ ಸೋಮೇಶ್ವರ, ಅಲ್ಲಿಂದ ಹೆಬ್ರಿ. ಆ ಘಟ್ಟದ ನೀರು ಸೋಮೇಶ್ವರ ವನ್ಯಜೀವಿ ಧಾಮದ ಕಾಡಿನೊಳಗಿಂದ ಬಂದು, ಹೆಬ್ರಿ ಬಳಸಿ, ಬಾರ್ಕೂರು ದಾಟಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಸ್ವರ್ಣೆಯ ಜೊತೆ ಸಮುದ್ರ ಸೇರುತ್ತದೆ. ಘಟ್ಟದಲ್ಲಿ ಅದು ಹೊಳೆಯಲ್ಲ, ಜಲಪಾತಗಳ ಸರಮಾಲೆ. ಬಾರ್ಕೂರಿನಲ್ಲಿ ಅದು ನಿಧಾನದ ಅಗಲ ಹೊಳೆ. ನಡುವೆ, ಘಟ್ಟ ಇಳಿದು ಸುಸ್ತಾಗಿಯೂ ಪೂರ್ತಿ ನಿಲ್ಲದ ಒಂದಷ್ಟು ದೂರ ಇದೆಯಲ್ಲ, ರಾಫ್ಟಿಂಗ್ ನಡೆಯುವುದು ಅಲ್ಲಿ.

ಒಂದು ತಪ್ಪು ತಿಳಿವಳಿಕೆ ಸರಿಪಡಿಸಿಬಿಡೋಣ. ಸುಮಾರು ಜನ ಇದನ್ನು ‘ಕುದುರೆಮುಖ ನ್ಯಾಷನಲ್ ಪಾರ್ಕಿನೊಳಗೆ ರಾಫ್ಟಿಂಗ್’ ಅಂದುಕೊಂಡಿದ್ದಾರೆ. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರಿನ ಆ ಉದ್ಯಾನ ಬೇರೆ, ಸೋಮೇಶ್ವರ ಧಾಮ ಬೇರೆ. ಎರಡೂ ಕಾರ್ಕಳದಲ್ಲಿ ಕಚೇರಿ ಇರುವ ಕುದುರೆಮುಖ ವನ್ಯಜೀವಿ ವಿಭಾಗದ ನೋಟದಲ್ಲಿರುವುದರಿಂದ ಗೊಂದಲ ಸಹಜ. ನಿಮಗೆ ಬೇಕಾದದ್ದು ಇಷ್ಟು: ಎರಡೂ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ. ಅನುಮತಿ ಇಲ್ಲದೆ ಕಾಡಿನೊಳಗಿನ ಹೊಳೆಗೆ ಕರೆದೊಯ್ಯುತ್ತೇನೆ ಅನ್ನುವವರು ನಿಮ್ಮನ್ನು ನೀರಿಗೆ ಮಾತ್ರವಲ್ಲ, ಕೇಸಿಗೂ ಇಳಿಸುತ್ತಿದ್ದಾರೆ.

ಗ್ರೇಡ್ 2, ಗ್ರೇಡ್ 3: ಯಾವ ದಿನದ ಲೆಕ್ಕ?

ಹರಿಯುವ ನೀರಿನ ಕಷ್ಟವನ್ನು ಪ್ರಪಂಚದಾದ್ಯಂತ 1ರಿಂದ 6ರವರೆಗೆ ಅಳೆಯುತ್ತಾರೆ. ಒಂದು ಅಂದರೆ ಸಣ್ಣ ಅಲೆ, ಸುಮ್ಮನೆ ತೇಲಿಕೊಂಡು ಹೋಗಬಹುದು. ಆರು ಅಂದರೆ ಪಳಗಿದವರೂ ಜೀವದ ಆಸೆ ಬಿಟ್ಟು ಇಳಿಯಬೇಕು. ಸೀತಾನದಿಯದು ಸಾಮಾನ್ಯವಾಗಿ 2ರಿಂದ 3 ಅನ್ನುತ್ತಾರೆ. ಎರಡರಲ್ಲಿ ದಾರಿ ನೇರವಾಗಿ ಕಾಣುತ್ತೆ, ಬಂಡೆ ತಪ್ಪಿಸುವುದು ಸುಲಭ. ಮೂರರಲ್ಲಿ ಅಲೆ ರಾಫ್ಟಿನೊಳಗೆ ನುಗ್ಗುತ್ತದೆ, ಸರಿಯಾದ ಸಮಯಕ್ಕೆ ಹುಟ್ಟು ಹಾಕದಿದ್ದರೆ ಯಾರಾದರೂ ಒಬ್ಬರು ಹೊರಗೆ.

ಪೋಸ್ಟರುಗಳು ಹೇಳದ ವಿಷಯ ಒಂದಿದೆ. ಗ್ರೇಡ್ ಎನ್ನುವುದು ಹೊಳೆಗೆ ಕೊಟ್ಟ ಶಾಶ್ವತ ಸರ್ಟಿಫಿಕೇಟ್ ಅಲ್ಲ. ಅದು ಆ ದಿನದ, ಆ ನೀರಿನ ಮಟ್ಟದ ಲೆಕ್ಕ. ಬೆಳಿಗ್ಗೆ ಎರಡಾಗಿದ್ದ ಜಾಗ ಮಧ್ಯಾಹ್ನ ಮೂರೂವರೆ ಆಗಬಹುದು. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನ ಚಟ, ಒಂದು ಲೆಕ್ಕ ಮಾಡಿಬಿಡ್ತೇನೆ. 100 ಚದರ ಕಿಲೋಮೀಟರ್ ಕಾಡಿನ ಮೇಲೆ 100 ಮಿ.ಮೀ. ಮಳೆ ಬಿತ್ತು ಅಂದುಕೊಳ್ಳಿ. ಘಟ್ಟದಲ್ಲಿ ಅದೇನು ದೊಡ್ಡ ಮಾತಲ್ಲ, ಹವಾಮಾನ ಇಲಾಖೆಯ ಭಾಷೆಯಲ್ಲಿ ಬರೀ ‘ಭಾರಿ ಮಳೆ’. ಒಟ್ಟು ಒಂದು ಕೋಟಿ ಘನ ಮೀಟರ್ ನೀರು. ಅರ್ಧ ಮಣ್ಣಿಗೆ, ಮರಕ್ಕೆ ಹೋಯಿತು. ಉಳಿದರ್ಧ ಆರು ಗಂಟೆಯಲ್ಲಿ ಹೊಳೆಗೆ ಬಂತು ಅಂದರೂ ಸೆಕೆಂಡಿಗೆ ಸುಮಾರು 230 ಘನ ಮೀಟರ್. ಒಂದು ಘನ ಮೀಟರ್ ಅಂದರೆ ಒಂದು ಟನ್. ಪ್ರತಿ ಸೆಕೆಂಡಿಗೆ 230 ಟನ್ ನೀರು ಹೆಚ್ಚುವರಿಯಾಗಿ ನಿಮ್ಮ ಪಕ್ಕದಿಂದ ಹಾದುಹೋಗುತ್ತಿದೆ.

ಮತ್ತೆ ಆ ನೀರು ತಕ್ಷಣ ಬರಲ್ಲ. 20 ಕಿಲೋಮೀಟರ್ ದೂರವನ್ನು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬಂದರೆ ಹೆಚ್ಚುಕಡಿಮೆ ಮೂರು ಗಂಟೆ. ಆದ್ದರಿಂದಲೇ ಹೆಬ್ರಿಯಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರುತ್ತಿರಬಹುದು. ನಿಮ್ಮ ತಲೆಯ ಮೇಲಿನ ಆಕಾಶ ನೋಡಿ ನಿರ್ಧಾರ ಮಾಡುವ ಹಾಗಿಲ್ಲ, ಪೂರ್ವಕ್ಕೆ ತಿರುಗಿ ಘಟ್ಟ ನೋಡಬೇಕು. ಘಟ್ಟ ಕಪ್ಪಾಗಿದ್ದರೆ, ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ, ಕಡ್ಡಿ, ಅಡಿಕೆ ಹಾಳೆ ತೇಲಿ ಬರತೊಡಗಿದರೆ ಹೊಳೆ ಏರುತ್ತಿದೆ ಅಂತ ಅರ್ಥ. ಇದು ಹೊಳೆದಡದ ಅಜ್ಜಂದಿರಿಗೆ ಗೊತ್ತಿರುವ ವಿದ್ಯೆಯೇ, ನಾನು ಕಂಡುಹಿಡಿದದ್ದಲ್ಲ.

ಇದು ಹೆದರಿಸಲಿಕ್ಕೆ ಹೇಳುವ ಕಥೆ ಅಲ್ಲ. 2024ರ ಅಕ್ಟೋಬರ್ ಮೊದಲ ವಾರ, ಮಳೆಗಾಲ ಮುಗಿಯಿತು ಅಂತ ಎಲ್ಲರೂ ಛತ್ರಿ ಮಡಚಿಟ್ಟ ಹೊತ್ತಿನಲ್ಲಿ, ಇದೇ ಹೆಬ್ರಿ ತಾಲೂಕಿನ ಕಬ್ಬಿನಾಲೆ, ಮುದ್ರಾಡಿ ಭಾಗದಲ್ಲಿ ಒಂದು ಮಧ್ಯಾಹ್ನದ ಮಳೆಗೆ ದಿಢೀರ್ ನೆರೆ ಬಂತು. ಒಬ್ಬ ಮಹಿಳೆ ಕೊಚ್ಚಿಹೋಗಿ ಸತ್ತರು. ಅವರು ಯಾವ ಸಾಹಸಕ್ಕೂ ಹೋದವರಲ್ಲ. ದೂರದ ಕೋಸ್ಟರಿಕಾದಲ್ಲಿ 2018ರ ಅಕ್ಟೋಬರ್‌ನಲ್ಲಿ ಮಳೆಯಿಂದ ಉಬ್ಬಿದ ನದಿಯೊಂದಕ್ಕೆ ರಾಫ್ಟ್ ಇಳಿಸಿದ ಒಂದು ಗುಂಪಿನಲ್ಲಿ ನಾಲ್ವರು ಅಮೆರಿಕದ ಪ್ರವಾಸಿಗರೂ ಒಬ್ಬ ಗೈಡೂ ಸತ್ತರು. ಜಾಕೆಟ್ ಇತ್ತು, ಗೈಡ್ ಇದ್ದರು. ಆ ದಿನ ಇಳಿಯಬಾರದಿತ್ತು, ಅಷ್ಟೇ.

ಹಾಗಾಗಿ ಒಳ್ಳೆಯ ಗೈಡನ್ನು ಗುರುತಿಸುವುದು ಹೇಗೆ ಅಂತ ಕೇಳಿದರೆ ನನ್ನ ಉತ್ತರ: ಫೋನಿನಲ್ಲಿ “ನೀವು ಯಾವಾಗ ಕ್ಯಾನ್ಸಲ್ ಮಾಡ್ತೀರಿ?” ಅಂತ ಕೇಳಿ. “ನಾವು ಕ್ಯಾನ್ಸಲ್ ಮಾಡೋದೇ ಇಲ್ಲ ಸರ್, ಮಳೆ ಜಾಸ್ತಿ ಆದಷ್ಟೂ ಮಜಾ” ಅಂದರೆ ಫೋನ್ ಇಟ್ಟುಬಿಡಿ. ಇಂಥಾ ಕಲ್ಲು ಮುಳುಗಿದರೆ ಇಳಿಸಲ್ಲ, ಇಂಥಾ ಸೇತುವೆಯ ಈ ಗೆರೆ ದಾಟಿದರೆ ಇಳಿಸಲ್ಲ ಅಂತ ನಿರ್ದಿಷ್ಟವಾಗಿ ಹೇಳಿದರೆ ಆ ಮನುಷ್ಯನಿಗೆ ಹೊಳೆ ಗೊತ್ತು.

ಜಾಕೆಟ್ ಏನು ಮಾಡುತ್ತೆ, ಏನು ಮಾಡಲ್ಲ

ಈಗ ಪೋಸ್ಟರಿನ ಆ ವಾಕ್ಯಕ್ಕೆ ಬರೋಣ. ಈಜು ಬಾರದವರೂ ಬರಬಹುದು. ಇದು ಸುಳ್ಳಲ್ಲ. ಮನುಷ್ಯನ ದೇಹ ನೀರಿನಲ್ಲಿ ಹೆಚ್ಚುಕಡಿಮೆ ತೇಲುವಂಥದ್ದೇ; ಮುಖ ಮೇಲಿರಲು ಇನ್ನೊಂದು ನಾಲ್ಕೈದು ಕಿಲೋ ಎತ್ತುವ ಬಲ ಸಿಕ್ಕರೆ ಸಾಕು. ರಾಫ್ಟಿಂಗ್‌ನ ಒಳ್ಳೆಯ ಜಾಕೆಟ್ ಏಳು ಕಿಲೋ ಅಥವಾ ಅದಕ್ಕಿಂತ ಹೆಚ್ಚು ಕೊಡುತ್ತದೆ. ಆದ್ದರಿಂದ ಬಿದ್ದವರು ಮುಳುಗುವುದಿಲ್ಲ. ಹಾಗೆ ನೋಡಿದರೆ ಈ ಹೊಳೆಯಲ್ಲಿ ಈಜು ಬರುವವರಿಗೂ ಬಾರದವರಿಗೂ ದೊಡ್ಡ ವ್ಯತ್ಯಾಸ ಇಲ್ಲ, ಯಾಕಂದ್ರೆ ಆ ಸೆಳೆತದ ವಿರುದ್ಧ ಯಾರೂ ಈಜಲಾರರು. ಕೆರೆಯಲ್ಲಿ ಈಜು ಕಲಿತವರ ಅತಿ ಧೈರ್ಯವೇ ಕೆಲವು ಸಲ ಅಪಾಯ.

ಆದರೆ ‘ಬಿಳಿ ನೀರು’ ಬಿಳಿ ಇರುವುದು ಯಾಕೆ? ಗಾಳಿ ಬೆರೆತಿರುವುದಕ್ಕೆ. ಗಾಳಿ ಬೆರೆತ ನೀರು ಹಗುರ, ಅದು ನಿಮ್ಮನ್ನು ಅಷ್ಟು ಎತ್ತುವುದಿಲ್ಲ. ಅಲೆಯ ನೊರೆಯಲ್ಲಿ ಬಿದ್ದವರು ಎರಡು ಮೂರು ಸೆಕೆಂಡ್ ಒಳಗೇ ಇರುತ್ತಾರೆ. ಆಮೇಲೆ ಮೇಲೆ ಬರುತ್ತಾರೆ. ಆ ಮೂರು ಸೆಕೆಂಡು ಮೂರು ನಿಮಿಷದ ಹಾಗೆ ಅನ್ನಿಸುತ್ತೆ, ನನ್ನ ಅನುಭವ. ಮೊದಲ ಸಲ ಬಿದ್ದಾಗ ನಾನು ಬಾಯಿ ತೆರೆದು ಕಿರುಚಲು ಹೋಗಿ ಸೀತಾನದಿಯ ಒಂದು ಪಾಲನ್ನು ಕುಡಿದಿದ್ದೆ. ಬಾಯಿ ಮುಚ್ಚಿಕೊಂಡು ಕಾಯಬೇಕು, ಅಷ್ಟೇ ಕೆಲಸ.

ಜಾಕೆಟ್ ಸಡಿಲ ಇದ್ದರೆ ಅದು ಮೇಲೆ ಹೋಗುತ್ತೆ, ನೀವು ಕೆಳಗೆ ಉಳಿಯುತ್ತೀರಿ. ಪರೀಕ್ಷೆ ಸುಲಭ: ಹಾಕಿಕೊಂಡ ಮೇಲೆ ಗೆಳತಿಗೆ ಹೇಳಿ ಎರಡು ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಸಿಕೊಳ್ಳಿ. ಕಿವಿಯ ತನಕ ಬಂದರೆ ಬಿಗಿ ಮಾಡಿಸಿ. ಬಕಲ್ ಮುರಿದು ಹಗ್ಗ ಕಟ್ಟಿದ ಜಾಕೆಟ್ ಕೊಟ್ಟರೆ ಬೇರೆ ಕೇಳಿ. ಕೇಳಲು ನಾಚಿಕೆ ಬೇಡ, ದುಡ್ಡು ಕೊಟ್ಟಿದ್ದೀರಿ. ಹೆಲ್ಮೆಟ್ ಕೂಡ ಹಾಗೆಯೇ. ತಲೆ ಅಲ್ಲಾಡಿಸಿದರೆ ಅದೂ ಜೊತೆಗೆ ಅಲ್ಲಾಡಬೇಕು, ಬೇರೆಯಾಗಿ ಅಲ್ಲ.

ಜಾಕೆಟ್‌ನಿಂದ ಆಗದ ಕೆಲಸಗಳು ಮೂರಿವೆ. ಮೂರೂ ನಮ್ಮ ಹೊಳೆಯಲ್ಲಿ ಇರುವಂಥವೇ.

ನಿಲ್ಲಲು ಹೋಗುವುದು ಮೊದಲನೆಯದು. ಬಿದ್ದ ಕೂಡಲೇ ಮನಸ್ಸು ಹೇಳುತ್ತೆ, ಆಳ ಇಲ್ಲ, ಕಾಲೂರಿ ನಿಂತುಬಿಡು ಅಂತ. ಕಾಲು ಎರಡು ಬಂಡೆಗಳ ಸಂದಿಗೆ ಹೋಗುತ್ತೆ, ಹಿಂದಿನಿಂದ ನೀರು ತಳ್ಳುತ್ತೆ, ದೇಹ ಮುಂದಕ್ಕೆ ಬಾಗುತ್ತೆ, ಮುಖ ನೀರಿನೊಳಗೆ. ಸೊಂಟದ ನೀರಿನಲ್ಲಿ ಜನ ಸಾಯುವುದು ಹೀಗೆ. ನೀರಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ನಿಮ್ಮ ಬೆನ್ನಿನ ಮೇಲೆ ಸುಮಾರು 55 ಕಿಲೋ ಭಾರದಷ್ಟು ಒತ್ತಡ ಇದ್ದರೆ, ವೇಗ ಮೂರು ಮೀಟರ್ ಆದಾಗ ಅದು ದುಪ್ಪಟ್ಟಲ್ಲ, ನಾಲ್ಕು ಪಟ್ಟು. 220 ಕಿಲೋ ಬೆನ್ನ ಮೇಲೆ ಹೊತ್ತು ಯಾರು ಎದ್ದು ನಿಲ್ಲುತ್ತಾರೆ? ಆದ್ದರಿಂದ ಅಂಗಾತ ಮಲಗಿ, ಪಾದ ಮುಂದಕ್ಕೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ, ಆರಾಮ ಕುರ್ಚಿಯಲ್ಲಿ ಕೂತ ಹಾಗೆ ತೇಲಿ. ಬಂಡೆ ಬಂದರೆ ಪಾದದಿಂದ ಒದೆಯಿರಿ. ನಿಲ್ಲುವುದು ನೀರು ಮೊಣಕಾಲಿಗಿಂತ ಕೆಳಗಿಳಿದ ಮೇಲೆ.

ಎರಡನೆಯದು ಬಿದ್ದ ಮರ. ಮುಂಗಾರಿನ ಮೊದಲ ನೀರಿಗೆ ಗದ್ದೆಗೆ ಹತ್ತಿಬರುವ ಮೀನು ಹಿಡಿಯಲು ಕೂಳಿ ಇಡುವುದನ್ನು ನೋಡಿದ್ದೀರಲ್ಲ? ನೀರು ಬಿದಿರಿನ ಸಂದಿಯಿಂದ ಹೋಗುತ್ತೆ, ಮೀನು ಒಳಗೆ ಉಳಿಯುತ್ತೆ. ಹೊಳೆಗೆ ಅಡ್ಡ ಬಿದ್ದ ಮರದ ಕೊಂಬೆಗಳೂ ಹಾಗೇ, ಮೀನಿನ ಜಾಗದಲ್ಲಿ ನಾವು. ಅಲ್ಲಿ ಮಾತ್ರ ಅಂಗಾತ ತೇಲುವ ನಿಯಮ ಬದಲು: ಕವುಚಿ, ತಲೆ ಮುಂದೆ ಮಾಡಿ, ಪೂರ್ತಿ ಶಕ್ತಿ ಹಾಕಿ ದಡದ ಕಡೆ ಈಜಬೇಕು, ತಪ್ಪಿಸಲಿಕ್ಕೇ ಆಗದಿದ್ದರೆ ಎದೆ ಎತ್ತಿ ಮರದ ಮೇಲೆ ಹತ್ತಬೇಕು. ಒಳ್ಳೆಯ ತಂಡದವರು ಪ್ರತಿ ದೊಡ್ಡ ಗಾಳಿಮಳೆಯ ನಂತರ ಗಿರಾಕಿಗಳಿಲ್ಲದೆ ಒಂದು ಸಲ ಹೊಳೆ ನೋಡಿಕೊಂಡು ಬರುತ್ತಾರೆ. “ಇವತ್ತು ಬೆಳಿಗ್ಗೆ ನೋಡಿದ್ರಾ?” ಅಂತಲೂ ಕೇಳಬಹುದು.

ಮೂರನೆಯದು ನನ್ನನ್ನು ಹೆಚ್ಚು ಕಾಡುವುದು, ಯಾಕಂದ್ರೆ ಅದು ನೋಡಲು ಅತಿ ಸೌಮ್ಯ. ಕಿಂಡಿ ಅಣೆಕಟ್ಟು. ನಮ್ಮ ಜಿಲ್ಲೆಯ ಹೊಳೆ, ತೋಡುಗಳಿಗೆ ಅಲ್ಲಲ್ಲಿ ಕಟ್ಟಿದ್ದಾರೆ. ಮಳೆ ನಿಂತ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗಾಲಕ್ಕೆ ಹಲಗೆ ತೆಗೆಯುತ್ತಾರೆ. ಕೃಷಿಗೆ, ಬಾವಿಗಳಿಗೆ ದೊಡ್ಡ ಉಪಕಾರ. ಆದರೆ ನೆರೆಯ ನೀರು ಅದರ ಮೇಲಿನಿಂದ ಸಮನಾಗಿ ಧುಮುಕುವಾಗ ಕೆಳಗೆ ನೀರು ಹಿಂದಕ್ಕೆ ಸುರುಳಿ ಸುತ್ತುತ್ತದೆ. ಸಹಜ ಬಂಡೆಯ ಸುಳಿಗೆ ಎಲ್ಲಾದರೂ ಒಂದು ಬಾಯಿ ಇರುತ್ತದೆ, ಬಿದ್ದವರನ್ನು ಉಗುಳುತ್ತದೆ. ಮನುಷ್ಯ ಕಟ್ಟಿದ ನೇರ ಗೋಡೆಯ ಕೆಳಗಿನ ಸುಳಿಗೆ ದಡದಿಂದ ದಡದವರೆಗೆ ಬಾಯಿ ಇಲ್ಲ. ಹೊರಗೆ ಬಂದವರನ್ನು ಮತ್ತೆ ಗೋಡೆಗೇ ಎಳೆದೊಯ್ಯುತ್ತದೆ. ಜಾಕೆಟ್ ಹಾಕಿದವರನ್ನೂ. ಹೊಳೆಯ ಇಂಥ ಜಾಗಗಳನ್ನು ದಡಕ್ಕೆ ಬಂದು, ರಾಫ್ಟ್ ಹೊತ್ತು, ನಡೆದು ದಾಟಬೇಕು. ಅಥವಾ ಅದಕ್ಕೂ ಮೊದಲೇ ಪ್ರಯಾಣ ಮುಗಿಸಬೇಕು. ನೀವು ಹೋಗುವ ದಾರಿಯಲ್ಲಿ ಕಟ್ಟ ಇದೆಯಾ ಅಂತ ಕೇಳಿ.

ರಾಫ್ಟಿನ ಮೇಲೆ

ಉಳಿದದ್ದು ಅಷ್ಟು ಕಷ್ಟವಿಲ್ಲ. ಒಂದು ರಾಫ್ಟಿನಲ್ಲಿ ಆರರಿಂದ ಎಂಟು ಜನ, ಹಿಂದೆ ಗೈಡ್. ಕೂರುವುದು ಒಳಗಲ್ಲ, ಅಂಚಿನ ದಪ್ಪ ಟ್ಯೂಬಿನ ಮೇಲೆ, ಒಂದು ಪಾದ ಒಳಗಿನ ಸಂದಿಗೆ ಸಿಕ್ಕಿಸಿ. ಹುಟ್ಟಿನ ತುದಿಯ ಟಿ ಆಕಾರದ ಹಿಡಿಯನ್ನು ಯಾವತ್ತೂ ಬಿಡಬಾರದು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತೆ. ರಾಫ್ಟಿಂಗ್‌ನಲ್ಲಿ ನೀರಿಗಿಂತ ಹೆಚ್ಚು ಗಾಯ ಮಾಡುವುದು ಪಕ್ಕದವರ ಹುಟ್ಟು ಅನ್ನೋದು ಗೈಡ್‌ಗಳ ತಮಾಷೆ. ಆದೇಶಗಳು ನಾಲ್ಕೈದು: ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್. ಇನ್ನೊಂದು ಹೈಸೈಡ್: ರಾಫ್ಟ್ ಬಂಡೆಗೆ ಅಡ್ಡ ತಾಗಿದಾಗ ಎಲ್ಲರೂ ಬಂಡೆಯ ಕಡೆಗೇ ಹಾರಬೇಕು. ಮನಸ್ಸು ಬಂಡೆಯಿಂದ ದೂರ ಓಡು ಅನ್ನುತ್ತೆ. ಓಡಿದರೆ ಮೇಲ್ಮುಖದ ಅಂಚು ನೀರಿಗೆ ತಗ್ಗುತ್ತೆ, ನೀರು ಒಳಗೆ ತುಂಬುತ್ತೆ, ರಾಫ್ಟ್ ಬಂಡೆಗೆ ಸುತ್ತಿಕೊಳ್ಳುತ್ತೆ. ದಡದಲ್ಲೇ ಎರಡು ಸಲ ಅಭ್ಯಾಸ ಮಾಡಿಸದವರ ಜೊತೆ ಇಳಿಯಬೇಡಿ.

ಜನ ಎಷ್ಟು ಅನ್ನುವುದನ್ನೂ ಎಣಿಸಿ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯಲ್ಲಿ ಮಕ್ಕಳೂ ಸೇರಿ ಸಾಮರ್ಥ್ಯಕ್ಕಿಂತ ಹೆಚ್ಚು ಜನ ತುಂಬಿದ್ದ ರಾಫ್ಟ್ ಸುಳಿಯಲ್ಲಿ ಸಿಕ್ಕಿಕೊಂಡ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಅಲ್ಲಿ ತಪ್ಪಿದ್ದು ಬರೀ ಲೆಕ್ಕ.

ಸಣ್ಣಪುಟ್ಟ ವಿಷಯ: ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆ ಶೂ. ಜೀನ್ಸ್ ಬೇಡ. ಕನ್ನಡಕಕ್ಕೆ ದಾರ. ಮೊಬೈಲ್ ಕಾರಿನಲ್ಲಿ. ಕಾಲಿನಲ್ಲಿ ಗಾಯ ಇದ್ದರೆ ಹೋಗಬೇಡಿ. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಇರುತ್ತದೆ, ನೀರಿನಿಂದ ಗಾಯದ ಮೂಲಕ ಬರಬಹುದಾದ ಕಾಯಿಲೆ. ಹೋಗಿಬಂದ ವಾರ ಎರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೊಳೆಗಿಳಿದದ್ದನ್ನು ಮರೆಯದೆ ಹೇಳಿ. ಉಂಬುಳದ ಬಗ್ಗೆ ಬರೆಯುವುದಿಲ್ಲ, ಅದು ಕಚ್ಚಿಯೇ ಕಚ್ಚುತ್ತದೆ.

ಬೋರ್ಡ್ ಹಾಕಿದರೆ ಸಾಕೇ?

2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ, ಗೆಳೆಯ ವಿಡಿಯೋ ಮಾಡುತ್ತಿರುವಾಗಲೇ, ಜಾರಿ ನೀರಿಗೆ ಬಿದ್ದದ್ದನ್ನು ರಾಜ್ಯವೇ ನೋಡಿತು. ಅದರ ನಂತರ ನಿಷೇಧ, ಬ್ಯಾರಿಕೇಡ್, ಬೋರ್ಡ್. ಆ ಹೊತ್ತಿಗೆ ಅದು ಬೇಕಿತ್ತು, ತಕರಾರಿಲ್ಲ. ಆದರೆ ಪ್ರತಿ ಮಳೆಗಾಲದಲ್ಲೂ ನಮ್ಮ ಆಡಳಿತಕ್ಕೆ ಹೊಳೆಯ ಬಗ್ಗೆ ಗೊತ್ತಿರುವ ಒಂದೇ ಪದ ‘ನಿಷೇಧ’ ಆಗಿಬಿಟ್ಟರೆ, ಹುಡುಗರು ಬೋರ್ಡ್ ಇಲ್ಲದ ಜಾಗ ಹುಡುಕಿಕೊಂಡು ಹೋಗುತ್ತಾರೆ. ಜಾಕೆಟ್ ಇಲ್ಲದೆ, ಹಗ್ಗ ಇಲ್ಲದೆ, ಗೊತ್ತಿದ್ದವರಿಲ್ಲದೆ. ಬಂಡೆಯ ಮೇಲೆ ನಿಂತು ರೀಲ್ಸ್ ಮಾಡುವುದಕ್ಕಿಂತ, ಹೆಲ್ಮೆಟ್ ಹಾಕಿ ಗೈಡ್ ಜೊತೆ ಗ್ರೇಡ್ 2ರ ನೀರಿಗೆ ಇಳಿಯುವುದು ಸುರಕ್ಷಿತ ಅನ್ನುವುದು ನನ್ನ ಅಭಿಪ್ರಾಯ.

ಉತ್ತರಾಖಂಡ 2014ರಲ್ಲೇ ರಾಫ್ಟಿಂಗ್‌ಗೆ ಪ್ರತ್ಯೇಕ ನಿಯಮಾವಳಿ ಮಾಡಿತು. ಅದು ಸಾಲದು ಎಂದು 2018ರಲ್ಲಿ ಅಲ್ಲಿನ ಹೈಕೋರ್ಟ್ ಚಾಟಿ ಬೀಸಿ ಸ್ವಲ್ಪ ಕಾಲ ಎಲ್ಲವನ್ನೂ ನಿಲ್ಲಿಸಿತ್ತು. ಅದೇ ವರ್ಷ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯನ್ನೂ ತಂದಿತು. ನಮ್ಮಲ್ಲೂ ತರಬೇತಿ ಕೊಡಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅಷ್ಟಿದ್ದೂ ಒಬ್ಬ ಸಾಮಾನ್ಯ ಗ್ರಾಹಕಿ ಮೊಬೈಲಿನಲ್ಲಿ ನೋಡಿ ತಿಳಿಯುವ ಹಾಗೆ ಒಂದು ಪಟ್ಟಿ ಬೇಕು: ಯಾರಿಗೆ ಅನುಮತಿ ಇದೆ, ಎಷ್ಟು ರಾಫ್ಟ್, ಯಾರು ತರಬೇತಾದ ಗೈಡ್. ಇನ್ನೂ ಅಗ್ಗದ ಕೆಲಸ, ಹೊಳೆಯ ಸೇತುವೆಯ ಕಂಬಕ್ಕೆ ಹಸಿರು, ಹಳದಿ, ಕೆಂಪು ಗೆರೆ ಎಳೆಯುವುದು. ಒಂದು ಡಬ್ಬ ಪೇಂಟ್ ಸಾಕು. ನೀರು ಹಳದಿ ಮುಟ್ಟಿದರೆ ರಾಫ್ಟ್ ಇಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಗೈಡಿಗೂ ಇದು ಅನುಕೂಲ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಹದಿನೈದು ಜನರ ಎದುರು “ಇವತ್ತು ಇಲ್ಲ” ಅನ್ನಲು ಅವನಿಗೆ ಈಗ ಇರುವುದು ಸ್ವಂತ ಧೈರ್ಯ ಮಾತ್ರ. ಅವನ ಆ ದಿನದ ಸಂಬಳವೂ ಆ ಮಾತಿನಲ್ಲೇ ಹೋಗುತ್ತದೆ.

ಅಕ್ಕನ ಮಗಳಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಳು. ಭಾನುವಾರ ಬೆಳಿಗ್ಗೆ ಗೆಳತಿಯರ ಜೊತೆ ಹೆಬ್ರಿ ಬಸ್ಸು ಹತ್ತಿದಳು. ಹತ್ತೂವರೆಗೆ ಮೆಸೇಜ್ ಬಂತು: ರಾತ್ರಿ ಘಟ್ಟದಲ್ಲಿ ಮಳೆ ಜೋರಂತೆ, ಗೈಡ್ ಒಂದು ಕಲ್ಲು ತೋರಿಸಿ, ಅದು ಕಾಣ್ತಿಲ್ಲ, ಇವತ್ತು ಇಳಿಸಲ್ಲ ಅಂದನಂತೆ. ದುಡ್ಡು ವಾಪಸ್ ಕೊಟ್ಟನಂತೆ. ಹೆಬ್ರಿಯ ಹೋಟೆಲ್ಲಿನಲ್ಲಿ ಬನ್ಸ್ ತಿಂದು ಮಣಿಪಾಲಕ್ಕೆ ವಾಪಸ್.

ಮುಂದಿನ ಭಾನುವಾರಕ್ಕೆ ಅವನ ಹತ್ತಿರವೇ ಮತ್ತೆ ಬುಕ್ ಮಾಡಿದ್ದಾಳೆ. ಅಕ್ಕ ಇನ್ನೂ ಒಪ್ಪಿಲ್ಲ.